ಗುಚ್ಛಶಿರಶ್ಶೂಲೆ: ಹೆಸರೂ ಲಕ್ಷಣವೂ

ತಲೆಯ ಒಂದೇ ಪಾರ್ಶ್ವದಲ್ಲಿ ತೋರುವ ಬೇನೆಯನ್ನೆಲ್ಲ ‘ಅರೆತಲೆನೋವು’ ಎನ್ನುವುದು ನಮ್ಮಲ್ಲಿ ವಾಡಿಕೆ. ಈ ಹೆಸರು ಬೇನೆಯ ಸ್ಥಾನವನ್ನು ತಿಳಿಸುತ್ತದೆಯೇ ಹೊರತು ಕಾಲವನ್ನು ತಿಳಿಸುವುದಿಲ್ಲ. ಆದರೆ ‘ಕ್ಲಸ್ಟರ್ ಹೆಡೇಕ್’ ಎಂದು ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ರೋಗವನ್ನು ಗುರುತಿಸುವುದಕ್ಕೆ ಸ್ಥಾನದಷ್ಟೇ ಕಾಲವೂ ಮುಖ್ಯವಾದ ಕುರುಹು. ಅದನ್ನು ಇಲ್ಲಿ ಗುಚ್ಛಶಿರಶ್ಶೂಲೆಯೆಂದು ಕರೆದಿದೆ.

ಗುಚ್ಛವೆಂದರೆ ನೋವುಗಳು ತಲೆಯೊಳಗೆ ಗೊಂಚಲಾಗುತ್ತವೆಂದಲ್ಲ, ಕಾಲದಲ್ಲಿ ಗೊಂಚಲಾಗುತ್ತವೆಂದರ್ಥ. ಬೇನೆಯು ಕೆಲವು ವಾರ ಇಲ್ಲವೆ ತಿಂಗಳುಗಳ ಕಾಲ ಮೇಲಿಂದ ಮೇಲೆ ಬಂದು, ಅನಂತರ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಳಿಯದೆ ಇರುವುದುಂಟು. ಸ್ವಲ್ಪ ಮಂದಿಗೆ ಮಾತ್ರ ಈ ಬಿಡುವೂ ಇರದು. ಒಂದೊಂದು ಸಲವೂ 15 ನಿಮಿಷದಿಂದ 3 ಗಂಟೆಯವರೆಗೆ ನಿಲ್ಲುತ್ತದೆ. ದಿನಕ್ಕೆ 8 ಸಲ ಬರುವುದೂ ಉಂಟು. ಅನೇಕರನ್ನು ಅದು ರಾತ್ರಿ ನಿಯತವಾದ ವೇಳೆಗೆ ನಿದ್ದೆಯಿಂದ ಎಬ್ಬಿಸುತ್ತದೆ. ನೋವಿರುವ ಪಾರ್ಶ್ವದ ಕಣ್ಣು ಕೆಂಪೇರಿ ನೀರು ಸುರಿಸುತ್ತದೆ, ರೆಪ್ಪೆ ಜೋಲುತ್ತದೆ, ಮೂಗು ಕಟ್ಟುತ್ತದೆ. ಮೈಗ್ರೇನ್ ಪೀಡಿತನು ಕತ್ತಲೆಯಲ್ಲಿ ಅಲುಗಾಡದೆ ಮಲಗಬಯಸುವನು. ಈ ರೋಗಿಯಾದರೋ ನಿಂತಲ್ಲಿ ನಿಲ್ಲಲಾರದೆ ತೊಳಲುವನು.

ಶಿರೋವೇದನೆಯ ಕಾಲವನ್ನು ಗಮನಿಸುವ ಕ್ರಮ ಹಳೆಯದು. ಸುಶ್ರುತಸಂಹಿತೆಯ ಉತ್ತರತಂತ್ರವು 11 ಶಿರೋರೋಗಗಳನ್ನು ಎಣಿಸಿ, ಅರ್ಧಾವಭೇದಕದಿಂದ ಸೂರ್ಯಾವರ್ತವನ್ನು ಬೇರ್ಪಡಿಸಿದೆ. ಸೂರ್ಯಾವರ್ತವು ಸೂರ್ಯೋದಯದೊಡನೆ ಕಣ್ಣುಹುಬ್ಬುಗಳಲ್ಲಿ ತೊಡಗಿ, ಹೊತ್ತೇರಿದಂತೆ ಏರಿ, ಇಳಿದಂತೆ ಇಳಿಯುವುದು. ಅದೇ ಇದೆಂದು ಸಾಧಿಸಹೊರಡುವುದು ಯುಕ್ತವಲ್ಲ. ಅದು ಹಗಲೆಲ್ಲ ವ್ಯಾಪಿಸತಕ್ಕುದು, ಇದು ಕೆಲವೇ ಗಂಟೆಗಳಲ್ಲಿ ಮುಗಿಯತಕ್ಕುದು. ಆದರೂ ನೋಡುವ ಕ್ರಮ ಒಂದೇ. ಯೂರೋಪಿನಲ್ಲಿ 1745ರಲ್ಲಿ ವಾನ್ ಸ್ವೀಟೆನ್ ಎಂಬ ವೈದ್ಯನು, ಪ್ರತಿದಿನವೂ ಒಂದೇ ಗಂಟೆಗೆ ಎಡಗಣ್ಣಿನ ಮೇಲೆ ನೋವು ಬರುತ್ತಿದ್ದ ರೋಗಿಯೊಬ್ಬನನ್ನು ಲ್ಯಾಟಿನ್ ಭಾಷೆಯಲ್ಲಿ ವರ್ಣಿಸಿದನು. ಅಮೆರಿಕೆಯಲ್ಲಿ 1939ರಲ್ಲಿ ಹಾರ್ಟನ್ನನು ಇದನ್ನು ವಿಸ್ತರಿಸಿ ಬರೆದನು. ‘ಗುಚ್ಛ’ವೆಂಬ ಭಾವವು ಹೆಸರಿಗೆ ಬಂದುದು 1952ರ ಹೊತ್ತಿಗೆ. 1998ರ ಮಿದುಳಿನ ಚಿತ್ರಣಗಳಲ್ಲಿ, ಬೇನೆಯ ಸಮಯದಲ್ಲಿ ಹೈಪೊಥಲಮಸ್ ಭಾಗವು ಚುರುಕಾಗುವುದು ಕಂಡುಬಂದಿತು. ದೇಹದ ಹಗಲಿರುಳ ಲಯವನ್ನು ನಡೆಸುವುದೂ ಆ ಭಾಗವೇ ಆದುದರಿಂದ, ನಿಯತಕಾಲದ ಗುಟ್ಟಿಗೆ ಇದೊಂದು ದಾರಿ ತೋರಿತು.

ಹೆಸರಿನ ಈ ವಿಚಾರ ಬರಿಯ ಶಬ್ದಚರ್ಚೆಯಲ್ಲ. ಇದನ್ನು ಹಲ್ಲುನೋವೆಂದು ಭ್ರಮಿಸಿ ಗಟ್ಟಿ ಹಲ್ಲುಗಳನ್ನೇ ಕೀಳಿಸಿಕೊಂಡವರುಂಟು. ಸಾಮಾನ್ಯ ಗುಳಿಗೆಗಳು ಗುಣ ತೋರುವಷ್ಟರಲ್ಲಿ ಬೇನೆಯೇ ಮುಗಿದಿರುತ್ತದೆ. ಶುದ್ಧ ಆಮ್ಲಜನಕದ ಸೇವನೆ, ಸುಮಾಟ್ರಿಪ್ಟಾನ್ ಚುಚ್ಚುಮದ್ದು ಇವು ವೈದ್ಯರ ಕೈಯಲ್ಲಿ ಬೇಗನೆ ಶಮನ ಕೊಡಬಲ್ಲವು. ಆದುದರಿಂದ ನೋವು ಎಲ್ಲಿ ಎಂದು ಕೇಳುವುದರೊಡನೆ ಯಾವಾಗ ಎಂದು ಕೇಳುವುದೂ ಅವಶ್ಯ. ಆ ಪ್ರಶ್ನೆಯನ್ನು ತನ್ನಲ್ಲೇ ಅಡಗಿಸಿಕೊಂಡ ಹೆಸರೊಂದು ಕನ್ನಡದಲ್ಲಿ ನೆಲೆಗೊಂಡರೆ ಉಪಕಾರವಾದೀತು.