ಪಾರ್ಕಲ್ಲೊಂದು ಸ್ಟೇಜ್: ಜಾಗ ಯಾರದ್ದು, ದುಡ್ಡು ಯಾರದ್ದು?

ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋದವರು ಅಲ್ಲಿನ ಬ್ಯಾಂಡ್‌ಸ್ಟ್ಯಾಂಡ್ ನೋಡೇ ಇರ್ತೀರಿ. ಎಂಟು ಮೂಲೆಯ, ಕಬ್ಬಿಣದ ಕಂಬಗಳ ಮಂಟಪ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಮಿಲಿಟರಿ ಬ್ಯಾಂಡ್ ನುಡಿಸ್ತಿತ್ತು. ಸುತ್ತ ಗೋಡೆ ಇಲ್ಲ, ಟಿಕೆಟ್ ಕೌಂಟರ್ ಇಲ್ಲ. ವಾಕಿಂಗ್ ಬಂದವರು ಎರಡು ನಿಮಿಷ ನಿಂತು ಕೇಳಿ ಮುಂದೆ ಹೋಗಬಹುದು.

ಇಂಥದ್ದೊಂದು ನಮ್ಮ ಏರಿಯಾದ ಪಾರ್ಕಲ್ಲೂ ಇದ್ರೆ? ನಾಟಕ ಮಾಡೋ ಹುಡುಗರಿಗೆ, ಬ್ಯಾಂಡ್ ಕಟ್ಕೊಂಡಿರೋರಿಗೆ ಹಾಲ್ ಬಾಡಿಗೆ ಕೊಡೋದೇ ದೊಡ್ಡ ತಲೆನೋವು. ಹಾಗಾಗಿ ಈ ಆಸೆ ಸಹಜ. ಆದ್ರೆ ಆಸೆಯಿಂದ ಸ್ಟೇಜ್ ತನಕ ದಾರಿ ಹೇಗಿದೆ? ಇವತ್ತಿನ ಸಂಚಿಕೆಯಲ್ಲಿ ಅದನ್ನೇ ನೋಡೋಣ.

ಮೊದಲು ಕಾನೂನು

ಪಾರ್ಕ್ ಅಂದ್ರೆ ಖಾಲಿ ಸೈಟ್ ಅಲ್ಲ. ಕರ್ನಾಟಕದಲ್ಲಿ ಇದಕ್ಕಂತಲೇ ಎರಡು ಕಾಯ್ದೆಗಳಿವೆ. 1975ರ ಕಾಯ್ದೆ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಂಥ ಸರ್ಕಾರಿ ಉದ್ಯಾನಗಳಿಗೆ. 1985ರದ್ದು ಊರಿನ ಪಾರ್ಕ್, ಆಟದ ಮೈದಾನ, ಬಯಲು ಜಾಗಗಳಿಗೆ. ಎರಡರ ಉದ್ದೇಶವೂ ಒಂದೇ: ಪಾರ್ಕನ್ನ ಪಾರ್ಕಾಗಿಯೇ ಉಳಿಸೋದು.

ಬೆಂಗಳೂರಿನದ್ದೇ ಒಂದು ಕೇಸ್ ಇದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಇಟ್ಟಿದ್ದ ಜಾಗವನ್ನ ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಡಲಾಗಿತ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಆಸ್ಪತ್ರೆ ಒಳ್ಳೇದೇ ಇರಬಹುದು, ಆದ್ರೆ ಅದಕ್ಕೆ ಪಾರ್ಕಿನ ಜಾಗ ಅಲ್ಲ. ಸ್ಟೇಜ್ ಕೇಳೋರು ನೆನಪಿಡಬೇಕಾದ ಪಾಠ ಇದು. ಕಟ್ಟೋದು ಎಷ್ಟು ಕಮ್ಮಿ, ಬಯಲು ಎಷ್ಟು ಜಾಸ್ತಿ ಉಳಿಯುತ್ತೆ ಅನ್ನೋದರ ಮೇಲೆ ನಿಮ್ಮ ಅರ್ಜಿಯ ಬಲ ನಿಂತಿದೆ.

ಜಾಗ ಆರಿಸೋದು

ಇಳಿಜಾರು ಇದ್ರೆ ಅರ್ಧ ಕೆಲಸ ಮುಗೀತು. ತಗ್ಗಲ್ಲಿ ಸ್ಟೇಜ್, ದಿಬ್ಬದ ಹುಲ್ಲಿನ ಮೇಲೆ ಜನ. ಆದ್ರೆ ಮಳೆನೀರೂ ತಗ್ಗಿಗೇ ಬರುತ್ತೆ. ಅದಕ್ಕೆ ಕಟ್ಟೆ ಎತ್ತರಿಸಬೇಕು, ನೀರು ಹೋಗೋ ದಾರಿ ಬಿಡಬೇಕು. ಸ್ಟೇಜಿನ ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇದ್ರೆ ಒಳ್ಳೇದು. ಸಂಜೆ ಬಿಸಿಲು ನಟರ ಕಣ್ಣಿಗೂ ಹೊಡೆಯಲ್ಲ, ನೋಡೋರ ಕಣ್ಣಿಗೂ ಹೊಡೆಯಲ್ಲ. ಮರದ ಬುಡದ ಹತ್ತಿರ ಅಗೆಯೋದು, ಕಾಂಕ್ರೀಟ್ ಸುರಿಯೋದು ಬೇಡವೇ ಬೇಡ. ಗಾಲಿಕುರ್ಚಿಗೆ ರ‍್ಯಾಂಪ್ ಮೊದಲ ನಕ್ಷೆಯಲ್ಲೇ ಇರಲಿ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ.

ಅಸಲಿ ಜಗಳ ಸದ್ದಿನದ್ದು

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಹಾಕಿದ್ರೆ, ಆ ಜಾಗದ ಗಡಿಯಲ್ಲಿ ಸದ್ದು ಈ ಮಿತಿಗಿಂತ 10 ಡೆಸಿಬಲ್ ಮಾತ್ರ ಜಾಸ್ತಿ ಇರಬಹುದು. ಅಂದ್ರೆ 65. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕಕ್ಕೆ ಅವಕಾಶ ಇಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ.

ಒಂದು ಸಣ್ಣ ಲೆಕ್ಕ. ಬಯಲಲ್ಲಿ ದೂರ ಎರಡರಷ್ಟಾದ್ರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ. ಸ್ಪೀಕರ್‌ನಿಂದ 10 ಮೀಟರ್‌ನಲ್ಲಿ 90 ಇದ್ರೆ 20ರಲ್ಲಿ 84, 40ರಲ್ಲಿ 78, 80ರಲ್ಲಿ 72, 160 ಮೀಟರ್‌ನಲ್ಲಿ 66. ನಮ್ಮ ಬಡಾವಣೆಯ ಪಾರ್ಕುಗಳು ಎಷ್ಟು ಉದ್ದ ಇರ್ತವೆ ಹೇಳಿ? ಹಾಗಾಗಿ ಸಣ್ಣ ಪಾರ್ಕಿಗೆ ರಾಕ್ ಶೋ ಆಗಿಬರಲ್ಲ. ಬೀದಿ ನಾಟಕ, ಕವಿಗೋಷ್ಠಿ, ಸಣ್ಣ ಮೈಕಿನ ಸುಗಮ ಸಂಗೀತ ಸರಿಹೋಗುತ್ತೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದ್ತಿರೋ ಹುಡುಗಿಗೂ ಆ ಪಾರ್ಕ್ ಸೇರಿದ್ದೇ ತಾನೇ?

ಇನ್ನು ದುಡ್ಡು

ಮೂರು ದಾರಿ ಇವೆ. ಒಂದು, ಪಾಲಿಕೆ ಬಜೆಟ್. ಇದಕ್ಕೆ ವಾರ್ಡ್ ಸಮಿತಿಯಲ್ಲಿ, ಬಜೆಟ್ ತಯಾರಾಗೋಕೆ ಮುಂಚೆಯೇ ಕೇಳಬೇಕು. ಎರಡು, ಜನಪ್ರತಿನಿಧಿಗಳ ನಿಧಿ. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಕೆಲಸ ಶಿಫಾರಸು ಮಾಡೋ ಅವಕಾಶ ಇದೆ; ಶಾಸಕರಿಗೂ ಪ್ರತ್ಯೇಕ ನಿಧಿ ಇದೆ. ಮೂರು, ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು. ಕಲೆ, ಸಂಸ್ಕೃತಿ ಆ ಪಟ್ಟಿಯಲ್ಲಿದೆ. ಆದ್ರೆ ಪ್ರಚಾರಕ್ಕಾಗಿ ಕೊಡೋ ಪ್ರಾಯೋಜಕತ್ವ ಸಿಎಸ್‌ಆರ್ ಅನ್ನಿಸ್ಕೊಳ್ಳಲ್ಲ.

ದುಡ್ಡು ಕೊಡೋರು ಯಾರು ಅನ್ನೋದು ಯಾಕೆ ಮುಖ್ಯ? ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಕಥೆ ಕೇಳಿ. ಜೋಸೆಫ್ ಪ್ಯಾಪ್ ಅನ್ನೋ ನಿರ್ದೇಶಕ ಅಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನ ಪುಕ್ಕಟೆ ತೋರಿಸ್ತಿದ್ರು. 1959ರಲ್ಲಿ ಪಾರ್ಕುಗಳ ಮುಖ್ಯಸ್ಥ ರಾಬರ್ಟ್ ಮೋಸೆಸ್, ಜನ ಕೂತು ಹುಲ್ಲು ಹಾಳಾಗ್ತಿದೆ, ಅದರ ಖರ್ಚಿಗೆ ಟಿಕೆಟ್ ಹಾಕಿ ಅಂದ್ರು. ಪ್ಯಾಪ್ ಒಪ್ಪಲಿಲ್ಲ. ಕೋರ್ಟಲ್ಲಿ ಮೊದಲು ಸೋತು, ಮೇಲ್ಮನವಿಯಲ್ಲಿ ಗೆದ್ರು. ಆಮೇಲೆ ನಗರಾಡಳಿತದ ಹಣದ ಜೊತೆ ಪ್ರಕಾಶಕ ಜಾರ್ಜ್ ಡೆಲಾಕೋರ್ಟ್ ದೇಣಿಗೆಯೂ ಸೇರಿ, 1962ರಲ್ಲಿ ಡೆಲಾಕೋರ್ಟ್ ಬಯಲು ರಂಗಮಂದಿರ ಶುರುವಾಯ್ತು. ಟಿಕೆಟ್ ಈಗಲೂ ಪುಕ್ಕಟೆ. ಆದ್ರೆ ಮರದ ಕಟ್ಟಡ ಮಳೆ-ಬಿಸಿಲಿಗೆ ಹಳತಾಗಿ, ಸುಮಾರು 8.5 ಕೋಟಿ ಡಾಲರ್ ಖರ್ಚಲ್ಲಿ ನವೀಕರಣಗೊಂಡು 2025ರಲ್ಲಿ ಮತ್ತೆ ತೆರೀತು.

ಮೋಸೆಸ್ ಕೇಳಿದ ಪ್ರಶ್ನೆ ಪೂರ್ತಿ ತಪ್ಪಲ್ಲ. ಹುಲ್ಲಿಗೆ, ಲೈಟಿಗೆ, ಶೌಚಾಲಯಕ್ಕೆ, ಕಸ ಗುಡಿಸೋರ ಸಂಬಳಕ್ಕೆ ಪ್ರತಿ ತಿಂಗಳೂ ದುಡ್ಡು ಬೇಕು. ಉದ್ಘಾಟನೆಗೆ ರಿಬ್ಬನ್ ಕತ್ತರಿಸೋಕೆ ಎಲ್ಲರೂ ಬರ್ತಾರೆ, ಮೂರನೇ ವರ್ಷ ಉರಿದುಹೋದ ಬಲ್ಬ್ ಬದಲಾಯಿಸೋಕೆ ಯಾರೂ ಬರಲ್ಲ. ಆ ಖರ್ಚನ್ನ ಮೊದಲೇ ಬರೆದಿಡದೆ ಹೋದ್ರೆ ಕೊನೆಗೆ ಆಗೋದು ಎರಡೇ: ಸ್ಟೇಜ್ ಪಾಳು ಬೀಳುತ್ತೆ, ಇಲ್ಲಾಂದ್ರೆ ಬಾಡಿಗೆ ಕೊಡೋ ತಾಕತ್ತಿರೋರ ಪಾಲಾಗುತ್ತೆ.

ಹಾಗಾಗಿ ಅರ್ಜಿ ಬರೆಯೋಕೆ ಮುಂಚೆ ಒಂದು ಕೆಲಸ ಮಾಡಿ. ಭಾನುವಾರ ಸಂಜೆ, ಅನುಮತಿ ತಗೊಂಡು, ಮೈಕಿಲ್ಲದೆ ಆ ಹುಲ್ಲಿನ ಮೇಲೇ ಒಂದು ನಾಟಕ ಆಡಿ. ಎಷ್ಟು ಜನ ಬಂದ್ರು, ಯಾರಿಗೆ ಕಿರಿಕಿರಿ ಆಯ್ತು, ಎಷ್ಟು ಕಸ ಬಿತ್ತು, ಎಲ್ಲ ಬರ್ಕೊಳ್ಳಿ. ಸ್ಟೇಜ್ ಬೇಕಾ, ಎಷ್ಟು ದೊಡ್ಡದು ಬೇಕು ಅನ್ನೋದು ಆ ಹಾಳೆಯಲ್ಲೇ ಗೊತ್ತಾಗುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.