ಅಣುಶಕ್ತಿಯ ಕಾವಲಿಗೆ ಹೊಸಬರ ಶಿಕ್ಷಣ

ಅಣುವಿದ್ಯೆಯನ್ನು ಕಲಿತವರು ಲೋಕದಲ್ಲಿ ಅನೇಕರುಂಟು. ಅದರ ದುರುಪಯೋಗವನ್ನು ಕಂಡುಹಿಡಿಯಬಲ್ಲವರು ಕೆಲವರೇ. 8 ಕಿಲೋಗ್ರಾಂ ಪ್ಲುಟೋನಿಯಂ ಕಾಣೆಯಾದರೆ ಒಂದು ಬಾಂಬು ಸಿದ್ಧವಾಗಬಹುದೆಂಬುದು ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರ ಗಣನೆ. ವಿದ್ಯುತ್ತಿಗೆಂದು ಪಡೆದ ಪದಾರ್ಥವು ಆಯುಧವಾಗದಂತೆ ನೋಡಿಕೊಳ್ಳುವುದು 1957ರಲ್ಲಿ ಹುಟ್ಟಿದ ಈ ಸಂಸ್ಥೆಯ ಹೊಣೆ. ನಮ್ಮ ತಾರಾಪುರದ ಮೊದಲೆರಡು ರಿಯಾಕ್ಟರುಗಳೂ ಅದರ ಪರಿವೀಕ್ಷಣೆಗೆ ಒಳಪಟ್ಟಿವೆ. ಈ ಪರಿವೀಕ್ಷಕರು ಸೈನಿಕರಲ್ಲ. ಲೆಕ್ಕದ ಪುಸ್ತಕ, ಮೊಹರು, ಅಳತೆಯ ಯಂತ್ರ, ಇವಿಷ್ಟೇ ಅವರ ಬಲ.

ಲೆಕ್ಕ ಸರಿಯಿದ್ದ ಮಾತ್ರಕ್ಕೆ ನಡೆ ಸರಿಯಿರಬೇಕೆಂದಿಲ್ಲವೆಂಬುದು 1991ರಲ್ಲಿ ಬಯಲಾಯಿತು. ಬಾಗ್ದಾದಿನ ಸಮೀಪದ ತುವೈಥಾದಲ್ಲಿ ಇರಾಕ್ ಸರಕಾರದವರು ತೋರಿಸಿದ ಕಟ್ಟಡಗಳಿಗೆ ಪರಿವೀಕ್ಷಕರು ಬಹುಕಾಲ ಹೋಗಿಬರುತ್ತಿದ್ದರು. ಕೊಲ್ಲಿಯುದ್ಧದ ತರುವಾಯ ನೋಡಲಾಗಿ, ಅದೇ ಆವರಣದೊಳಗೆ ಅವರಿಗೆ ತೋರಿಸದಿದ್ದ ಕಟ್ಟಡಗಳಲ್ಲಿಯೂ ಬೇರೆ ಎಡೆಗಳಲ್ಲಿಯೂ ಗುಪ್ತ ಕಾರ್ಯವು ಸಾಗಿತ್ತು! ಅವರನ್ನು ದೂರುವುದು ನ್ಯಾಯವಲ್ಲ. ತೋರಿಸಿದ್ದನ್ನು ಎಣಿಸುವುದೇ ಅವರಿಗೆ ವಿಧಿಸಿದ್ದ ಕೆಲಸ, ಕಲಿಸಿದ್ದೂ ಅಷ್ಟೇ. 1997ರ ಹೆಚ್ಚುವರಿ ಒಡಂಬಡಿಕೆಯ ಮಾದರಿಯು ಅವರ ಅಧಿಕಾರವನ್ನು ವಿಸ್ತರಿಸಿತು, ಶಿಕ್ಷಣವೂ ಬದಲಾಗಬೇಕಾಯಿತು. ಗೋಡೆಯನ್ನು ಅರಿವೆಯ ತುಣುಕಿನಿಂದ ಒರೆಸಿ ಸೈಬರ್ಸ್‌ಡಾರ್ಫಿನ ಪ್ರಯೋಗಶಾಲೆಗೆ ಕಳುಹಿಸಿದರೆ, ಕಣ್ಣಿಗೆ ಕಾಣದ ಯುರೇನಿಯಂ ಕಣವೂ ಸಾಕ್ಷಿ ನುಡಿಯುವುದು. ಆದರೆ ಯಾವ ಗೋಡೆಯನ್ನು ಒರೆಸಬೇಕು, ಬೀಗ ಹಾಕಿದ ಯಾವ ಬಾಗಿಲಿನ ಮುಂದೆ ನಿಂತು ಪ್ರಶ್ನಿಸಬೇಕು ಎಂಬ ವಿವೇಕವನ್ನು ಯಾವ ಯಂತ್ರವೂ ಕೊಡಲಾರದು.

ಅಮೆರಿಕದ ಲಾಸ್ ಅಲಮೋಸಿನಲ್ಲಿ 1980ರಿಂದಲೂ ಪರಿವೀಕ್ಷಕರಿಗೆ ನಿಜವಾದ ಪ್ಲುಟೋನಿಯಂ, ಯುರೇನಿಯಂಗಳನ್ನೇ ಮುಂದಿಟ್ಟು ಅಳೆಯಲು ಕಲಿಸುತ್ತಾರೆ. ಮೊದಲ ಬಾಂಬನ್ನು ರೂಪಿಸಿದ ಊರೇ ಕಾವಲುಗಾರರ ಪಾಠಶಾಲೆಯಾದುದು ಕಾಲದ ವೈಚಿತ್ರ್ಯವೇ ಸರಿ. ಇದಲ್ಲದೆ, ಹಿಂದುಳಿದ ದೇಶಗಳ ತರುಣರನ್ನು ಆರಿಸಿ ಹಲವು ತಿಂಗಳು ತರಬೇತು ಮಾಡುವ ಏರ್ಪಾಡನ್ನು ಸಂಸ್ಥೆಯು ಇಟ್ಟುಕೊಂಡಿದೆ. ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚು ಶ್ಲಾಘ್ಯವಾದುದು. ಬಲಿಷ್ಠ ರಾಷ್ಟ್ರಗಳವರೇ ಪರೀಕ್ಷಕರು, ಉಳಿದವರೆಲ್ಲ ಪರೀಕ್ಷಿತರು ಎಂಬಂತಾದರೆ ಆ ಪರೀಕ್ಷೆಯನ್ನು ಯಾರು ನಂಬಿಯಾರು?

ಆದರೆ ಇಲ್ಲಿ ಗಳಿಸಿದ ಅನುಭವ ನಿಲ್ಲುವುದಿಲ್ಲ. ಸಂಸ್ಥೆಯ ನೌಕರಿಗೆ ಸಾಮಾನ್ಯವಾಗಿ ಏಳು ವರ್ಷಗಳ ಮಿತಿಯುಂಟು. ಅಲ್ಲದೆ, ಇಂಥವರು ನಮಗೆ ಬೇಡವೆನ್ನುವ ಹಕ್ಕು ಪರೀಕ್ಷೆಗೊಳಗಾದ ದೇಶಕ್ಕೂ ಇದೆ. 2023ರ ಸೆಪ್ಟೆಂಬರಿನಲ್ಲಿ ಇರಾನ್ ಸರಕಾರವು ಈ ಹಕ್ಕನ್ನೇ ಚಲಾಯಿಸಿ, ತನ್ನಲ್ಲಿಗೆ ನಿಯುಕ್ತರಾಗಿದ್ದ ಅತ್ಯಂತ ಅನುಭವಿಗಳಲ್ಲಿ ಮೂರರಲ್ಲೊಂದು ಪಾಲಿನವರನ್ನು ಹೊರಗಿಟ್ಟಿತು. ಹಾಗೆ ಹೊರಬಿದ್ದವರು ಯುರೇನಿಯಂ ಸಂವರ್ಧನದ ಮರ್ಮವನ್ನು ಚೆನ್ನಾಗಿ ಬಲ್ಲವರಾಗಿದ್ದರು.