ಆರು ರೂಪಾಯಿ ಕಡಿಮೆಯ ಬಾಳೆಕಾಯಿ

2020ರ ನವೆಂಬರ್ 1ರಿಂದ ಜಾರಿಗೆ ಬರುವಂತೆ ಕೇರಳ ಸರ್ಕಾರ 16 ಬಗೆಯ ತರಕಾರಿ, ಗೆಡ್ಡೆ, ಹಣ್ಣುಗಳಿಗೆ ಕನಿಷ್ಠ ಬೆಲೆ ಗೊತ್ತುಮಾಡಿತು. ಆ ಪಟ್ಟಿಯಲ್ಲಿ ನೇಂದ್ರ ಬಾಳೆಗೆ ಎರಡು ಸಾಲುಗಳಿದ್ದವು. ಬರೀ ನೇಂದ್ರಕ್ಕೆ ಕಿಲೋಗೆ 30 ರೂಪಾಯಿ, ವಯನಾಡ್ ನೇಂದ್ರಕ್ಕೆ 24 ರೂಪಾಯಿ. ಊರಿನ ಹೆಸರು ಸೇರಿದ್ದಕ್ಕೆ ಬೆಲೆ ಆರು ರೂಪಾಯಿ ಇಳಿದಿತ್ತು.

ವಯನಾಡ್ ಜಿಲ್ಲೆಯ ಬಾಣಾಸುರ ಬೆಟ್ಟದ ಮಗ್ಗುಲಲ್ಲಿರುವ ವೆಳ್ಳಮುಂಡದಂಥ ಊರಿನ ಕಷ್ಟವೆಲ್ಲ ಆ ಎರಡು ಸಾಲುಗಳಲ್ಲಿದೆ. ಮಾನಂದವಾಡಿ ತಾಲ್ಲೂಕಿನ ಈ ಸೀಮೆಯಲ್ಲಿ ಕಾಫಿ, ಕಾಳುಮೆಣಸು, ಬಾಳೆ ಬೆಳೆಯುತ್ತವೆ. ಬೆಳೆದವನಿಗೂ ತಿನ್ನುವವನಿಗೂ ಮಾತ್ರ ಪರಿಚಯವಿಲ್ಲ. ಗೊನೆ ಕಡಿದು ಲಾರಿಗೆ ಹೇರಿದ ಮೇಲೆ ಅದು ಯಾರ ಮನೆಯ ಎಣ್ಣೆಯಲ್ಲಿ ಚಿಪ್ಸ್ ಆಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಆ ಪರಿಚಯವನ್ನು ಕೈಯಲ್ಲಿರುವ ಮೊಬೈಲ್ ಮಾಡಿಸಿಕೊಡಬಲ್ಲದೇ? ಮಾಡಿಸಿಕೊಟ್ಟ ಒಂದು ನಿದರ್ಶನ ಕನ್ನಡ ನಾಡಿನಲ್ಲೇ ಇದೆ. ಅದೂ ಬಾಳೆಕಾಯಿಯದೇ.

2021ರ ಲಾಕ್‌ಡೌನ್ ದಿನಗಳು. ಮಂಡಿಗಳು ಮುಚ್ಚಿ, ಕೊಳ್ಳುವವರಿಲ್ಲದೆ ಬಾಳೆಗೊನೆಗಳು ತೋಟದಲ್ಲೇ ಹಣ್ಣಾಗತೊಡಗಿದವು. ಕಾಸರಗೋಡು ಜಿಲ್ಲೆಯ ವಾಣೀನಗರದಲ್ಲಿ ನೆಲೆಸಿರುವ ಕೃಷಿ ಪತ್ರಕರ್ತ ಶ್ರೀ ಪಡ್ರೆ ಆಗ ಒಂದು ಹಳೆಯ ಸಂಗತಿಯನ್ನು ಎತ್ತಿಕೊಂಡರು. ಕೇರಳದಲ್ಲಿ ಹಸುಗೂಸುಗಳಿಗೆ ಒಣಗಿಸಿದ ಬಾಳೆಕಾಯಿಯ ಹುಡಿಯನ್ನು ಕುದಿಸಿ ಕುಡಿಸುವ ರೂಢಿ ಹಿಂದಿನಿಂದಲೂ ಇದೆ. ಮಗುವಿಗೆ ಒಗ್ಗುವ ಹುಡಿ ದೊಡ್ಡವರ ದೋಸೆಗೆ ಯಾಕಾಗಬಾರದು? ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯ ಸುತ್ತ ಬೆಳೆದ ರೈತ ಬಳಗ, ವಾಟ್ಸಾಪ್ ಗುಂಪುಗಳು, ಆನ್‌ಲೈನ್ ಸಭೆಗಳ ಮೂಲಕ ಈ ಮಾತು ಮನೆಯಿಂದ ಮನೆಗೆ ಹೋಯಿತು. ಬಾಳೆಕಾಯಿ ಹುಡಿಗೆ ‘ಬಾಕಾಹು’ ಎಂಬ ಪುಟ್ಟ ಹೆಸರೂ ಬಂತು.

ಆಮೇಲೆ ನಡೆದದ್ದೇ ಮುಖ್ಯ. ಹುಡಿ ಮಾಡಿದ ಗೃಹಿಣಿಯರು ಪೊಟ್ಟಣದ ಚಿತ್ರ ಹಾಕಿ ‘ಕೊಳ್ಳಿ’ ಎನ್ನುತ್ತ ಕೂರಲಿಲ್ಲ. ಕಾವಲಿಯ ಮೇಲೆ ಏಳುತ್ತಿರುವ ದೋಸೆಯನ್ನು ತೋರಿಸಿದರು, ಪಾಕದಲ್ಲಿ ತೇಲುವ ಗುಲಾಬ್ ಜಾಮೂನು ತೋರಿಸಿದರು. ಒಬ್ಬರ ಚಿತ್ರ ನೋಡಿದ ಇನ್ನೊಬ್ಬರು ತಮ್ಮ ಮನೆಯಲ್ಲೂ ಮಾಡಿ ಹಾಕಿದರು. ಹುಡಿ ಮಾಡಲು ಪುರುಸೊತ್ತಿಲ್ಲದವರು ‘ನಮಗೆ ಒಂದು ಕಿಲೋ ಸಿಕ್ಕೀತೇ’ ಎಂದು ಕೇಳುವಂತಾಯಿತು. ವ್ಯಾಪಾರ ಹಾಗೆ, ಹಿಂಬಾಗಿಲಿನಿಂದ, ಅಡುಗೆಮನೆಯ ಮಾತಿನ ನಡುವೆ ಬಂತು. 2021ರ ಜುಲೈ 25ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಮಹಿಳೆಯರ ಈ ಕೆಲಸವನ್ನು ಹೆಸರಿಸಿದರು. ಚಿತ್ರಗಳನ್ನು ಹಂಚಿಕೊಂಡದ್ದರಿಂದ ಹುಡಿಗೆ ಬೇಡಿಕೆ ಏರಿತೆಂಬುದನ್ನೂ ಹೇಳಿದರು.

ಇದಕ್ಕೆ ಒಂದು ವರ್ಷ ಮೊದಲು, ಮೊದಲ ಲಾಕ್‌ಡೌನ್‌ನಲ್ಲಿ, ಚಿತ್ರದುರ್ಗ ಜಿಲ್ಲೆಯ ಈರುಳ್ಳಿ ಬೆಳೆಗಾರ್ತಿಯೊಬ್ಬರು ಹೊಲದಲ್ಲಿ ನಿಂತು ಮಾತಾಡಿದ ವಿಡಿಯೋ ನಾಡೆಲ್ಲ ಹರಿದಾಡಿತ್ತು. ಮುಖ್ಯಮಂತ್ರಿಯೇ ಅವರಿಗೆ ಸ್ಪಂದಿಸಿದರು. ಅದು ಸಂಕಟದ ಕೂಗು. ಕೇಳಿಸಿಕೊಂಡದ್ದು ಒಳ್ಳೆಯದೇ ಆಯಿತು. ಆದರೆ ಕೂಗನ್ನು ಪ್ರತಿ ಬೆಳೆಗೂ ಕೂಗಲಾಗುವುದಿಲ್ಲ. ಒಂದು ವಿಡಿಯೋ ಲಕ್ಷ ಜನರನ್ನು ಮುಟ್ಟಿದರೆ ಸಾಕೆಂದುಕೊಳ್ಳುವ ಸಣ್ಣ ವ್ಯಾಪಾರಿಗಳು ಬಹಳ. ಲಕ್ಷ ಜನ ನೋಡಿ, ಇನ್ನೂರು ಜನ ಕೇಳಿ, ಕಳಿಸಲು ಸರಕೇ ಇಲ್ಲದಿದ್ದರೆ ಆ ಇನ್ನೂರು ಜನ ಎರಡನೇ ಸಲ ಕೇಳುವುದಿಲ್ಲ. ಮನೆಯಲ್ಲಿ ವಾರಕ್ಕೆ ಇಪ್ಪತ್ತು ಕಿಲೋ ಚಿಪ್ಸ್ ಕರಿಯುವವರಿಗೆ ಬೇಕಾದದ್ದು ತಿಂಗಳಿಗೊಮ್ಮೆ ತಪ್ಪದೆ ಕೇಳುವ ಎಂಬತ್ತು ಮನೆಗಳು.

ಅಷ್ಟಕ್ಕೆ 2018ರಲ್ಲಿ ಭಾರತಕ್ಕೆ ಬಂದ ವಾಟ್ಸಾಪ್ ಬಿಸಿನೆಸ್ ಧಾರಾಳ ಸಾಕು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅಂಗಡಿಯ ವಿಳಾಸ, ತೆರೆದಿರುವ ಹೊತ್ತು, ಸರಕಿನ ಚಿತ್ರ ಮತ್ತು ಬೆಲೆ ಎಲ್ಲವನ್ನೂ ಅದರಲ್ಲೇ ಜೋಡಿಸಿಡಬಹುದು. ‘ರೇಟು ಇನ್‌ಬಾಕ್ಸಿನಲ್ಲಿ ಕೇಳಿ’ ಎನ್ನುವ ಅಭ್ಯಾಸವನ್ನು ಮೊದಲು ಬಿಡಬೇಕು. ಬೆಲೆ ಮುಚ್ಚಿಟ್ಟ ಅಂಗಡಿಗೆ ಸಂಕೋಚದ ಗಿರಾಕಿ ಹತ್ತುವುದೇ ಇಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಮ್ಮೆಗೆ 256 ಜನರಿಗೆ ಸುದ್ದಿ ಕಳಿಸಬಹುದು, ಆದರೆ ಅದರಲ್ಲೊಂದು ಒಳಗುಟ್ಟಿದೆ. ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಪೊಟ್ಟಣ ಕೈಗೆ ಕೊಡುವಾಗಲೇ ‘ನಂಬರ್ ಸೇವ್ ಮಾಡಿಕೊಳ್ಳಿ, ಹೊಸದಾಗಿ ಕರಿದ ದಿನ ತಿಳಿಸುತ್ತೇವೆ’ ಎಂದು ಹೇಳುವವರಿಗೂ ಹೇಳದವರಿಗೂ ಇರುವ ಅಂತರ ಆರು ತಿಂಗಳಲ್ಲಿ ಗೊತ್ತಾಗುತ್ತದೆ.

ಗಿರಾಕಿ ಯಾರೆಂಬುದನ್ನು ವೆಳ್ಳಮುಂಡದವರು ದೂರ ಹುಡುಕಬೇಕಿಲ್ಲ. ಬಾಣಾಸುರ ಸಾಗರದ ಮಣ್ಣಿನ ಅಣೆಕಟ್ಟು ಹತ್ತಿರದ ಪಡಿಞ್ಞಾರತ್ತರದಲ್ಲಿದೆ. ಅಲ್ಲಿ ನಿಲ್ಲುವ ನೀರು ಕಬಿನಿಯ ಉಪನದಿಯದು, ಆ ಕಬಿನಿ ಹರಿಯುವುದು ಕರ್ನಾಟಕಕ್ಕೆ. ಜನ ಬರುವುದು ಅದರ ಎದುರು ದಿಕ್ಕಿನಿಂದ. ಮೈಸೂರು, ಬೆಂಗಳೂರಿನ ಕಾರುಗಳು ಎಚ್.ಡಿ. ಕೋಟೆ, ಬಾವಲಿ ದಾಟಿ ವಾರದ ಕೊನೆಗೆ ಬೆಟ್ಟ ಹತ್ತುತ್ತವೆ. ಹೀಗಿರುವಾಗ ಮಲಯಾಳಂ ಸಾಲಿನ ಕೆಳಗೆ ಎರಡು ಸಾಲು ಕನ್ನಡ ಬರೆದರೆ ಆಗುವ ಲಾಭವನ್ನು ಯಾವ ಕಾಸು ಕೊಟ್ಟ ಜಾಹೀರಾತೂ ತಂದುಕೊಡಲಾರದು. ಗಡಿಯಾಚೆ ಸ್ವಂತ ನುಡಿ ಕಂಡಾಗ ಬೆರಳು ತಾನಾಗಿ ನಿಲ್ಲುತ್ತದೆ. ವಯನಾಡಿನಲ್ಲಿ ಕನ್ನಡದ ಬೇರಿರುವ ಜೈನ ಮನೆತನಗಳೂ ಇವೆ, ಬರೆದುಕೊಡಲು ಜನಕ್ಕೆ ಬರವಿಲ್ಲ.

ಇದೇ ಮೊಬೈಲ್ ಈ ಜಿಲ್ಲೆಗೆ ಮಾಡಿದ ಗಾಯವನ್ನೂ ಮರೆಯುವಂತಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲ ಊರುಗಳನ್ನು ಭೂಕುಸಿತ ನುಂಗಿತು. ಆ ದುಃಖಕ್ಕೆ ಮಾತಿಲ್ಲ. ಆದರೆ ದೃಶ್ಯಗಳು ‘ವಯನಾಡ್’ ಎಂಬ ಒಂದೇ ಹೆಸರಿನಲ್ಲಿ ಹರಡಿ ಇಡೀ ಜಿಲ್ಲೆಯೇ ಕುಸಿದಂತೆ ಕಾಣಿಸಿತು. ಮೇಪ್ಪಾಡಿ ವೈತಿರಿ ತಾಲ್ಲೂಕಿನದು, ವೆಳ್ಳಮುಂಡ ಬೇರೆಯೇ ತಾಲ್ಲೂಕು. ದೂರದವರಿಗೆ ಅದು ಹೇಗೆ ಗೊತ್ತಾಗಬೇಕು? ಪ್ರವಾಸಿಗರನ್ನು ಮತ್ತೆ ಕರೆಯಲು ಕೇರಳ ಸರ್ಕಾರ ಸಾಮಾಜಿಕ ಜಾಲತಾಣಗಳಲ್ಲೇ ಅಭಿಯಾನ ನಡೆಸಬೇಕಾಯಿತು. ಹೋಂಸ್ಟೇ ಇಟ್ಟವರಿಗೆ ಇದರಲ್ಲಿ ನೇರ ಪಾಠವಿದೆ. ಹೋದ ವರ್ಷದ ಹಸಿರು ಗುಡ್ಡದ ಚಿತ್ರಕ್ಕಿಂತ ಇವತ್ತಿನ ತಾರೀಖು ಹಾಕಿ ಅಂಗಳದಿಂದ ತೆಗೆದ ಅರ್ಧ ನಿಮಿಷದ ವಿಡಿಯೋ ಹೆಚ್ಚು ಬಾಳುತ್ತದೆ. ಮಳೆ ಇದ್ದರೆ ಇದೆ, ರಸ್ತೆ ತೆರೆದಿದ್ದರೆ ತೆರೆದಿದೆ. ಹಾಗೇ ತೋರಿಸಬೇಕು. ಗೂಗಲ್ ಮ್ಯಾಪಿನಲ್ಲಿ ಮನೆಯ ಗುರುತು ಸರಿಯಾದ ಜಾಗದಲ್ಲಿದೆಯೇ ಎಂದು ಒಮ್ಮೆ ತಾವೇ ಗಾಡಿ ಓಡಿಸಿ ನೋಡಬೇಕು. ಸಿಗ್ನಲ್ ತಪ್ಪುವ ತಿರುವಿಗೆ ಮೊದಲೇ ಬರುವ ಚಹಾದಂಗಡಿಯ ಹೆಸರನ್ನು ಬರೆದು ಕಳಿಸಿದರೆ ರಾತ್ರಿಯ ಅಲೆದಾಟ ತಪ್ಪುತ್ತದೆ.

ತಿನ್ನುವ ವಸ್ತು ಮಾರುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಮನೆಯಲ್ಲೇ ಮಾಡಿದ್ದಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಹೆಸರಿನ ವಿಷಯದಲ್ಲೂ ಎಚ್ಚರವಿರಲಿ. ವಯನಾಡಿನ ಜೀರಕಶಾಲ, ಗಂಧಕಶಾಲ ಅಕ್ಕಿಗೆ 2010ರಲ್ಲಿ, ವಯನಾಡ್ ರೋಬಸ್ಟಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಎಲ್ಲಿಂದಲೋ ತಂದ ಸಣ್ಣಕ್ಕಿಗೆ ಆ ಹೆಸರು ಅಂಟಿಸಿ ಫೇಸ್‌ಬುಕ್‌ನಲ್ಲಿ ಮಾರಿದರೆ ಅದು ಕಾನೂನಿಗೂ ತಪ್ಪು, ಪಕ್ಕದ ಗದ್ದೆಯವನಿಗೂ ದ್ರೋಹ. ಗದ್ದೆಯ ನಾಟಿಯಿಂದ ಹಿಡಿದು ಅನ್ನದ ಪರಿಮಳದವರೆಗೆ ತೋರಿಸಲು ನಿಜವಾದ ಸಂಗತಿಯೇ ಸಾಕಷ್ಟಿದೆ.

ಸಮಯದ ಲೆಕ್ಕವೂ ಇಲ್ಲಿನವರಿಗೆ ಅನುಕೂಲವಾಗಿಯೇ ಒದಗುತ್ತದೆ. ಓಣಂ ಮತ್ತು ಗಣೇಶ ಚೌತಿ ಕೆಲವೇ ವಾರಗಳ ಅಂತರದಲ್ಲಿ ಬರುತ್ತವೆ. ಓಣಂ ಹಬ್ಬದೂಟದ ಎಲೆಗೆ ನೇಂದ್ರದ ಉಪ್ಪೇರಿ ಎಂಬ ಚಿಪ್ಸ್, ಬೆಲ್ಲದ ಶರ್ಕರ ಉಪ್ಪೇರಿ ಬೇಕೇ ಬೇಕು. ಅದೇ ಬಾಣಲೆಯ ಚಿಪ್ಸ್ ಮೈಸೂರಿನ ಚೌತಿ ಮನೆಗೂ ಹೋಗಬಹುದು. ಅದಕ್ಕೆ ಬಾಳೆಕಾಯಿ ಹೆರೆಯುವ ಮೊದಲ ವಿಡಿಯೋ ಹಬ್ಬಕ್ಕೆ ಮೂರು ವಾರ ಇರುವಾಗಲೇ ಹೊರಡಬೇಕು, ಬೆಲೆಯೊಂದಿಗೆ, ಕನ್ನಡದ ಎರಡು ಸಾಲಿನೊಂದಿಗೆ.